ಬ್ಯಾಂಬಿಯ ಕಾಡನ್ನು ಮತ್ತೊಮ್ಮೆ ಹೊಕ್ಕಾಗ

ಬಾಲ್ಯದಲ್ಲಿ ನೋಡಿ ಮೆಚ್ಚಿದ ಚಲಚ್ಚಿತ್ರವೊಂದನ್ನು ದೊಡ್ಡವರಾದ ಮೇಲೆ ಮತ್ತೆ ನೋಡುವುದು ಒಂದು ಬಗೆಯ ಪ್ರಯೋಗವೇ ಸರಿ. ಪ್ರಯೋಗಶಾಲೆಯಲ್ಲಿ ಒಂದು ಅಂಶವನ್ನು ಸ್ಥಿರವಾಗಿರಿಸಿ ಮತ್ತೊಂದನ್ನು ಬದಲಿಸುತ್ತೇವಲ್ಲವೆ? ಇಲ್ಲಿ ಸ್ಥಿರವಾಗಿರುವುದು ಚಿತ್ರ. ಅದರ ಒಂದು ಗೆರೆಯೂ ಬದಲಾಗಿಲ್ಲ. ಬದಲಾದವನು ಪ್ರೇಕ್ಷಕ. ಆದುದರಿಂದ ಎರಡು ನೋಟಗಳ ನಡುವೆ ಕಂಡುಬರುವ ವ್ಯತ್ಯಾಸವೆಲ್ಲವೂ ಪ್ರೇಕ್ಷಕನದೇ.

ಇಂತಹ ಪ್ರಯೋಗಕ್ಕೆ ವಾಲ್ಟ್ ಡಿಸ್ನಿಯವರ ಸಂಸ್ಥೆಯು 1942ರಲ್ಲಿ ಹೊರತಂದ ‘ಬ್ಯಾಂಬಿ’ ಎಂಬ ಕಾರ್ಟೂನ್ ಚಿತ್ರ ಬಹಳ ಸೊಗಸಾದ ಸಾಮಗ್ರಿ. ಆಸ್ಟ್ರಿಯದ ಲೇಖಕ ಫೆಲಿಕ್ಸ್ ಸಾಲ್ಟನ್ 1923ರಲ್ಲಿ ಪ್ರಕಟಿಸಿದ ಕಾದಂಬರಿಯೇ ಅದಕ್ಕೆ ಆಧಾರ. ಮಾತನಾಡುವ ಜಿಂಕೆಮರಿಯೊಂದು ಹುಟ್ಟಿ, ತಾಯಿಯನ್ನು ಕಳೆದುಕೊಂಡು, ಬೆಳೆದು, ಕಡೆಗೆ ಕಾಡಿಗೆ ಒಡೆಯನಾಗುವ ಕಥೆಯದು. ಅವಧಿ ಸುಮಾರು 70 ನಿಮಿಷ.

ಮೊದಲು ನಮ್ಮ ನೆನಪನ್ನೇ ಪರೀಕ್ಷೆಗೆ ಒಡ್ಡೋಣ. ಬೇಟೆಗಾರನ ಗುಂಡಿಗೆ ತಾಯಿಜಿಂಕೆ ಬಲಿಯಾಗುವ ಭಾಗವನ್ನು ನೋಡಿದವರು ಅದನ್ನು ಸುಲಭವಾಗಿ ಮರೆಯಲಾರರು. ಆಕೆ ಹಿಮದ ಮೇಲೆ ಉರುಳಿದುದನ್ನು ಕಣ್ಣಾರೆ ಕಂಡೆನೆಂದೇ ಮನಸ್ಸು ಸಾಕ್ಷಿ ನುಡಿಯಬಹುದು. ಆದರೆ ಚಿತ್ರದಲ್ಲಿ ಅಂತಹ ದೃಶ್ಯವೇ ಇಲ್ಲ! ತಾಯಿ ಮಕ್ಕಳು ಓಡುತ್ತಾರೆ. ಒಂದು ಗುಂಡಿನ ಸದ್ದು ಕೇಳುತ್ತದೆ. ಆಮೇಲೆ ಮರಿಯೊಂದೇ ಸುರಿಯುವ ಹಿಮದಲ್ಲಿ ತಾಯಿಯನ್ನು ಕೂಗುತ್ತ ಅಲೆಯುತ್ತದೆ. ಬೇಟೆಗಾರನಂತೂ ಇಡೀ ಚಿತ್ರದಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಷ್ಟು ಹಿಂದೆಯೇ ತೋರಿಸಿಕೊಟ್ಟಂತೆ, ನೆನಪು ಪೆಟ್ಟಿಗೆಯಿಂದ ತೆಗೆದ ಛಾಯಾಚಿತ್ರವಲ್ಲ. ಉಳಿದಿರುವ ಕೆಲವು ತುಣುಕುಗಳಿಂದ ಮನಸ್ಸು ಪ್ರತಿಸಲವೂ ಹೊಸದಾಗಿ ಕಟ್ಟುವ ಕಟ್ಟಡವದು. ವಾಚಕರು ಈ ಪ್ರಯೋಗವನ್ನು ತಾವೇ ಮಾಡಬಹುದು: ಚಿಕ್ಕಂದಿನಲ್ಲಿ ಕಂಡ ಚಿತ್ರವೊಂದರ ಒಂದು ದೃಶ್ಯವನ್ನು ನೆನಪಿನಿಂದ ಬರೆದಿಟ್ಟು, ಅನಂತರ ಅದನ್ನು ನೋಡಿ ಹೋಲಿಸಬೇಕು.

ನೆನಪು ಮಾತ್ರವಲ್ಲ, ಚಲನೆಯೂ ನಮ್ಮ ಮನಸ್ಸಿನದೇ ರಚನೆ. ಬೆಳ್ಳಿತೆರೆಯ ಮೇಲೆ ಜಿಂಕೆ ಓಡುವುದೇ ಇಲ್ಲ. ಸೆಕೆಂಡಿಗೆ 24ರಂತೆ ನಿಶ್ಚಲ ಚಿತ್ರಗಳು ಒಂದರ ಹಿಂದೊಂದು ಮೂಡುತ್ತವೆ, ಅಷ್ಟೆ. 70 ನಿಮಿಷಗಳಿಗೆ ಅವುಗಳ ಸಂಖ್ಯೆ ಒಂದು ಲಕ್ಷವನ್ನು ಮೀರುತ್ತದೆ. ಕಣ್ಣಿನಲ್ಲಿ ಬಿಂಬವು ಕ್ಷಣಕಾಲ ನಿಲ್ಲುವುದರಿಂದ ಚಲನೆ ತೋರುವುದೆಂದು ಹಿಂದೆ ವಿವರಿಸುತ್ತಿದ್ದರು. ಬಿಂಬ ನಿಲ್ಲುವುದಷ್ಟೇ ಕಾರಣವಾಗಿದ್ದರೆ ಚಿತ್ರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗಬೇಕಾಗಿತ್ತು. ಬೇರೆ ಬೇರೆ ಸ್ಥಾನಗಳಲ್ಲಿ ಬೆನ್ನುಬೆನ್ನಿಗೆ ಮಿನುಗುವ ರೂಪಗಳನ್ನು ನಾವು ಚಲಿಸುವ ಒಂದೇ ವಸ್ತುವೆಂದು ಗ್ರಹಿಸುತ್ತೇವೆಂದು ಜರ್ಮನಿಯಲ್ಲಿ ಮ್ಯಾಕ್ಸ್ ವರ್ಟ್‌ಹೈಮರ್ 1912ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಬ್ಯಾಂಬಿಯನ್ನು ಓಡಿಸುವವರು ಕಲಾವಿದರೊಬ್ಬರೇ ಅಲ್ಲ, ನಾವೂ ಹೌದು.

ಹಾಗೆಂದು ಕಲಾವಿದರ ಶ್ರಮವೇನೂ ಅಲ್ಪವಲ್ಲ. ಜೀವಂತ ಜಿಂಕೆಮರಿಗಳನ್ನು ತರಿಸಿಕೊಂಡು ಅವು ಏಳುವ, ಎಡವುವ, ಕಿವಿ ತಿರುಗಿಸುವ ರೀತಿಯನ್ನು ಅವರು ಅಭ್ಯಾಸಮಾಡಿದರು. ರಿಕೊ ಲೆಬ್ರನ್ ಎಂಬ ಚಿತ್ರಕಾರರು ಪ್ರಾಣಿಗಳ ಅಂಗರಚನೆಯನ್ನು ಅವರಿಗೆ ಪಾಠ ಹೇಳಿದರು. ಇಷ್ಟಾದರೂ ಬ್ಯಾಂಬಿಯ ಮುಖ ನಿಜವಾದ ಜಿಂಕೆಯದಲ್ಲ. ತಲೆ ದೊಡ್ಡದು, ಕಣ್ಣು ವಿಶಾಲ, ಮೂತಿ ಗಿಡ್ಡ. ಇವು ಎಳೆಯ ಮಗುವಿನ ಲಕ್ಷಣಗಳು. ಇಂತಹ ಮುಖವನ್ನು ಕಂಡೊಡನೆ ನಮ್ಮಲ್ಲಿ ವಾತ್ಸಲ್ಯ ಉಕ್ಕುವುದೆಂಬ ವಾದವನ್ನು ಪ್ರಾಣಿವರ್ತನೆಯ ತಜ್ಞ ಕೊನ್ರಾಡ್ ಲೊರೆಂಟ್ಸ್ ಮಂಡಿಸಿದುದು 1943ರಲ್ಲಿ. ವಿಜ್ಞಾನಿಯು ಸೂತ್ರರೂಪದಲ್ಲಿ ಹೇಳುವ ಮುನ್ನವೇ ಚಿತ್ರಕಾರರ ಪೆನ್ಸಿಲಿಗೆ ಅದು ಗೊತ್ತಾಗಿತ್ತು!

ಆರಂಭದಲ್ಲಿ ಕಾಡಿನ ಆಳಕ್ಕೆ ನಾವೇ ಸಾಗಿದಂತೆ ತೋರುವುದಕ್ಕೆ ಕಾರಣ ಬಹುತಲ ಕ್ಯಾಮರಾ. ರೈಲಿನಲ್ಲಿ ಕುಳಿತಾಗ ಹಳಿಯ ಪಕ್ಕದ ಮರ ವೇಗವಾಗಿ ಹಿಂದೆ ಸರಿಯುತ್ತದೆ. ದೂರದ ಬೆಟ್ಟ ಮೆಲ್ಲಗೆ ಸರಿಯುತ್ತದೆ. ಚಂದ್ರನಾದರೋ ಕದಲುವುದೇ ಇಲ್ಲ. ಮರ, ಪೊದೆ, ಆಕಾಶಗಳನ್ನು ಬೇರೆಬೇರೆ ಗಾಜಿನ ಹಲಗೆಗಳ ಮೇಲೆ ಬರೆದು, ಅವುಗಳನ್ನು ಅಂತರಬಿಟ್ಟು ಜೋಡಿಸಿ, ಒಂದೊಂದನ್ನೂ ಅದರದರ ವೇಗದಲ್ಲಿ ಸರಿಸಿದರೆ ಮಟ್ಟಸವಾದ ತೆರೆಯಲ್ಲಿಯೂ ಆಳ ಮೂಡುತ್ತದೆ. ಇನ್ನು ಆ ಕಾಡಿನ ಮಂಜುಮುಸುಕಿದ ಸೊಬಗಿಗೆ ಕಾರಣರು ಟೈರಸ್ ವಾಂಗ್. 1910ರಲ್ಲಿ ಚೀನಾದಲ್ಲಿ ಹುಟ್ಟಿ ಬಾಲಕನಾಗಿದ್ದಾಗಲೇ ಅಮೆರಿಕಕ್ಕೆ ಬಂದ ಅವರು ಎಲೆಎಲೆಯನ್ನೂ ಬಿಡಿಸದೆ, ಸೋಂಗ್ ರಾಜವಂಶದ ಕಾಲದ ಚಿತ್ರಗಳ ಮಾದರಿಯಲ್ಲಿ, ಕಾಡಿನ ಭಾವವನ್ನಷ್ಟೇ ಹಿಡಿದರು.

ಇಷ್ಟು ತಿಳಿದ ಕಣ್ಣು ಈಗ ಪ್ರಶ್ನೆಗಳನ್ನೂ ಕೇಳುತ್ತದೆ. ಥಂಪರ್ ಎಂಬ ಮೊಲದ ಮರಿಗೆ ಗೂಬೆಯು ಸ್ನೇಹಿತ! ಮೊಲವನ್ನು ಕಂಡ ನಿಜವಾದ ದೊಡ್ಡ ಗೂಬೆ ಹಿತವಚನ ಹೇಳುತ್ತ ಕೂರುವುದಿಲ್ಲ. ಗಂಡುಜಿಂಕೆ ಮರಿಯನ್ನು ಸಾಕುವುದಿಲ್ಲ. ಕಾದಂಬರಿಯ ಬ್ಯಾಂಬಿ ಯೂರೋಪಿನ ಸಣ್ಣ ಜಾತಿಯ ರೋ ಜಿಂಕೆ. ಚಿತ್ರದಲ್ಲಾದರೋ ಅಮೆರಿಕದ ಬಿಳಿಬಾಲದ ಜಿಂಕೆ. ನಮ್ಮ ಕಾಡುಗಳ ಚುಕ್ಕೆಜಿಂಕೆಗೆ ಬಾಳೆಲ್ಲ ಚುಕ್ಕೆಗಳಿದ್ದರೆ, ಬಿಳಿಬಾಲದ ಜಿಂಕೆಗೆ ಅವು ಎಳೆತನದಲ್ಲಿ ಮಾತ್ರ. ಇದನ್ನು ಚಿತ್ರವು ಸರಿಯಾಗಿಯೇ ತೋರಿಸಿದೆ.

ಇವು ಸಣ್ಣ ಮಾತುಗಳು. ದೊಡ್ಡ ಮಾತು ಬೇರೆಯಿದೆ. ಬ್ಯಾಂಬಿಯ ಕಾಡಿನಲ್ಲಿ ತೋಳವಿಲ್ಲ, ಪ್ಯೂಮವಿಲ್ಲ; ಮನುಷ್ಯ ಮತ್ತು ಅವನ ನಾಯಿಗಳ ಹೊರತು ವೈರಿಗಳೇ ಇಲ್ಲ. ಮನುಷ್ಯನ ಮೇಲಿನ ಆರೋಪವಂತೂ ನಿರಾಧಾರವಲ್ಲ: ಮಿತಿಯಿಲ್ಲದ ಬೇಟೆಯಿಂದ 19ನೆಯ ಶತಮಾನದ ಕೊನೆಗೆ ಬಿಳಿಬಾಲದ ಜಿಂಕೆಗಳು ಕೆಲವೇ ಲಕ್ಷಗಳಿಗೆ ಇಳಿದಿದ್ದವು. ಅನಂತರ ಕಾನೂನಿನ ರಕ್ಷಣೆ ದೊರೆಯಿತು. ಆದರೆ ತೋಳ, ಪ್ಯೂಮಗಳು ಹಲವು ಪ್ರದೇಶಗಳಿಂದ ಮರೆಯಾಗಿದ್ದವು. ಇಂದು ಆ ಜಿಂಕೆಗಳನ್ನು ಕೋಟಿಗಳಲ್ಲಿ ಎಣಿಸಬೇಕು. ಎಷ್ಟೋ ಕಡೆ ಅವು ಎಳೆಯ ಸಸಿಗಳನ್ನು ಮೇದು ಕಾಡು ಮರುಹುಟ್ಟದಂತೆ ಮಾಡುತ್ತಿವೆ. ಬೇಟೆಪ್ರಾಣಿಗಳಿಲ್ಲದ ಕಾಡು ಕಥೆಯಲ್ಲಿ ಸ್ವರ್ಗ. ನಿಜದಲ್ಲಿ ಅದು ಸೊರಗುವ ಕಾಡು.

ಬೆಂಕಿಯ ವಿಷಯವೂ ಹೀಗೆಯೆ. ಬೇಟೆಗಾರರ ಬಿಡಾರದ ಬೆಂಕಿ ಕಾಡನ್ನು ಸುಡುವ ದೃಶ್ಯ ಎಷ್ಟು ಪರಿಣಾಮಕಾರಿಯಾಗಿತ್ತೆಂದರೆ, 1944ರಲ್ಲಿ ಅಮೆರಿಕದ ಕಾಳ್ಗಿಚ್ಚು ತಡೆಯ ಪ್ರಚಾರಕ್ಕೆ ಬ್ಯಾಂಬಿಯ ಚಿತ್ರವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದರು. ಆ ಅವಧಿ ಮುಗಿದ ಬಳಿಕ ಪ್ರಚಾರಕ್ಕೆ ಸ್ವಂತ ಪ್ರಾಣಿ ಬೇಕೆಂದು ಸೃಷ್ಟಿಸಿದ ಕರಡಿಯೇ ಪ್ರಸಿದ್ಧವಾದ ‘ಸ್ಮೋಕಿ’. ಎಚ್ಚರಿಕೆ ಸರಿಯಾದುದೇ. ಆದರೆ ದಶಕಗಳ ಕಾಲ ಪ್ರತಿಯೊಂದು ಬೆಂಕಿಯನ್ನೂ ನಂದಿಸಿದುದರಿಂದ ಹಲವು ಕಾಡುಗಳಲ್ಲಿ ಒಣಗಿದ ಕೊಂಬೆ, ತರಗು ರಾಶಿಬಿದ್ದು, ಮುಂದೆ ಹತ್ತಿದ ಬೆಂಕಿ ಇನ್ನೂ ಭೀಕರವಾಯಿತು. ಕೆಲವು ಪೈನ್ ಮರಗಳ ಕಾಯಿಗಳಂತೂ ಬೆಂಕಿಯ ಶಾಖ ತಾಗಿದ ಮೇಲೆಯೇ ಬಿರಿದು ಬೀಜ ಚೆಲ್ಲುತ್ತವೆ. 1968ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆ ಬೆಂಕಿಯೂ ಪ್ರಕೃತಿಯ ಒಂದು ವ್ಯಾಪಾರವೆಂದು ತನ್ನ ನೀತಿಯಲ್ಲಿ ಒಪ್ಪಿಕೊಂಡಿತು.

ಹಾಗಾದರೆ ಜ್ಞಾನವು ಬಾಲ್ಯದ ಆನಂದವನ್ನು ಕಸಿದುಕೊಂಡಿತೆ? ಹಾಗೇನೂ ಇಲ್ಲ. ಗೆರೆಬಣ್ಣಗಳ ರಹಸ್ಯವೆಲ್ಲ ತಿಳಿದವನಿಗೂ ಹಿಮದಲ್ಲಿ ತಾಯಿಯನ್ನು ಅರಸುವ ಆ ಮರಿಯ ಕೂಗು ಗಂಟಲು ಕಟ್ಟಿಸುತ್ತದೆ. ಅದಲ್ಲದೆ ಮಗುವಿನ ಕಣ್ಣಿಗೆ ತಪ್ಪಿಹೋಗುವ ಒಂದು ಸಂಗತಿಯನ್ನು ಬೆಳೆದ ಕಣ್ಣು ಚಿತ್ರದ ಕೊನೆಯಲ್ಲಿ ಗುರುತಿಸುತ್ತದೆ. ಸುಟ್ಟ ಕಾಡು ವಸಂತದಲ್ಲಿ ಮತ್ತೆ ಚಿಗುರಿದೆ. ಬ್ಯಾಂಬಿಯ ಸಂಗಾತಿಯ ಪಕ್ಕದಲ್ಲಿ ಮಲಗಿರುವ ಮರಿಗಳು ಎರಡು. ಬಿಳಿಬಾಲದ ಜಿಂಕೆ ಸಾಮಾನ್ಯವಾಗಿ ಅವಳಿ ಮರಿಗಳನ್ನೇ ಈಯುತ್ತದೆ.