ಹಿರಿಯರೊಡನೆ ಕಡಲ ವಿಹಾರ

ನಮ್ಮ ಮಳವಳ್ಳಿಯ ಸೀಮೆಯಲ್ಲಿ ಶಿವನಸಮುದ್ರವುಂಟು, ಸಮುದ್ರವಿಲ್ಲ. ವಿಸ್ತಾರವಾದ ನೀರನ್ನು ಕಂಡಲ್ಲಿ ‘ಸಮುದ್ರ’ವೆಂದೋ ‘ಸಾಗರ’ವೆಂದೋ ಹೆಸರಿಡುವುದು ಕನ್ನಡಿಗರ ಹಳೆಯ ರೂಢಿ. ಚನ್ನಗಿರಿಯ ಕೆರೆ ಶಾಂತಿಸಾಗರವಾಯಿತು, ಕನ್ನಂಬಾಡಿಯ ಕಟ್ಟೆ ಕೃಷ್ಣರಾಜಸಾಗರವಾಯಿತು. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳಿರಬೇಕೆಂದು ಹೇಳಿದ ಲಾಕ್ಷಣಿಕರು ಸಮುದ್ರವರ್ಣನೆಯನ್ನೂ ಅವುಗಳಲ್ಲಿ ಸೇರಿಸಿದರು. ಹೀಗೆ ಹೆಸರಿನಲ್ಲಿಯೂ ಕಾವ್ಯದಲ್ಲಿಯೂ ಕಡಲನ್ನು ಬಲ್ಲ ನಾವು, ಕಣ್ಣಾರೆ ಅದನ್ನು ಕಾಣದೆಯೇ ಮುಪ್ಪಾಗುವುದುಂಟು. ಒಳನಾಡಿನ ಮನೆಗಳಲ್ಲಿ ಅಂಥ ಅಜ್ಜಿ ತಾತಂದಿರು ಇಂದಿಗೂ ವಿರಳರಲ್ಲ.

ಈಗ ಕಡಲಿನ ಮೇಲೆ ನಾಲ್ಕಾರು ದಿನ ವಿಹರಿಸಿ ಬರುವ ಅನುಕೂಲ ನಮ್ಮ ದೇಶದಲ್ಲಿಯೇ ಒದಗಿದೆ. ಇದನ್ನು ‘ಕ್ರೂಸ್’ ಎನ್ನುತ್ತಾರೆ. ನಾವು ನೌಕಾವಿಹಾರ ಎನ್ನೋಣ. ‘ಇದೆಲ್ಲ ಹುಡುಗರ ಮೋಜು, ವಯಸ್ಸಾದವರಿಗೆ ಆಗದು’ ಎಂದು ಹಲವರು ಹಿರಿಯರನ್ನು ಮನೆಯಲ್ಲಿಯೇ ಬಿಟ್ಟು ಹೊರಡುತ್ತಾರೆ. ಆದರೆ ಯೋಚಿಸಿ ನೋಡಿ. ಬಸ್ಸಿನ ಯಾತ್ರೆಯಲ್ಲಿ ದಿನಕ್ಕೊಂದು ಊರು, ದಿನಕ್ಕೊಂದು ಛತ್ರ. ಬೆಳಗಾದರೆ ಗಂಟುಮೂಟೆ ಕಟ್ಟಬೇಕು, ಹೋದಲ್ಲೆಲ್ಲ ಮೆಟ್ಟಿಲು ಹತ್ತಬೇಕು. ಹಡಗಿನಲ್ಲಾದರೋ ಮಲಗುವ ಹಾಸಿಗೆ, ಸ್ನಾನದ ಮನೆ, ಊಟದ ಶಾಲೆ ಎಲ್ಲವೂ ನಮ್ಮೊಡನೆಯೇ ಚಲಿಸುತ್ತವೆ. ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿದರೆ ಸಾಕು. ಮಹಡಿಯಿಂದ ಮಹಡಿಗೆ ಲಿಫ್ಟು ಉಂಟು. ಆದುದರಿಂದ ಸರಿಯಾಗಿ ಏರ್ಪಾಡು ಮಾಡಿಕೊಂಡರೆ ಹಿರಿಯರಿಗೆ ಇದಕ್ಕಿಂತ ಸುಲಭವಾದ ಪ್ರವಾಸ ಬೇರೊಂದಿಲ್ಲ. ಏರ್ಪಾಡು ತಪ್ಪಿದರೆ ಮಾತ್ರ ವರ್ಷಗಳ ಉಳಿತಾಯವೂ ಹೋಯಿತು, ಉತ್ಸಾಹವೂ ಹೋಯಿತು.

ಮೊದಲು, ಯಾವ ಹಡಗು ಎಂಬುದನ್ನು ನೋಡೋಣ. ಕಾರ್ಡೀಲಿಯಾ ಸಂಸ್ಥೆಯ ‘ಎಂಪ್ರೆಸ್’ ಎಂಬ ಹಡಗು 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ವಿಹಾರಯಾನವನ್ನು ಆರಂಭಿಸಿತು. 1990ರಲ್ಲಿ ಫ್ರಾನ್ಸ್ ದೇಶದಲ್ಲಿ ಕಟ್ಟಿದ ಈ ಹಡಗಿನ ಉದ್ದ ಸುಮಾರು 210 ಮೀಟರು. ಗೋವೆ, ಲಕ್ಷದ್ವೀಪ, ಕೊಚ್ಚಿಗಳು ಅದರ ದಾರಿಯಲ್ಲಿ ಬಂದಿವೆ. ಎರಡನೆಯದು, ಲಕ್ಷದ್ವೀಪದ ಆಡಳಿತದವರು ಕೊಚ್ಚಿಯಿಂದ ‘ಎಂ.ವಿ. ಕವರತ್ತಿ’ ಹಡಗಿನಲ್ಲಿ ನಡೆಸುತ್ತ ಬಂದ ‘ಸಮುದ್ರಂ’ ಎಂಬ ಐದು ದಿನಗಳ ಪ್ರವಾಸ. ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ ಸುತ್ತಾಟ, ರಾತ್ರಿ ಹಡಗಿನಲ್ಲಿ ನಿದ್ರೆ, ಇದು ಅದರ ಕ್ರಮ. ಇವು ವರ್ಷವೆಲ್ಲ ಒಂದೇ ರೀತಿಯಾಗಿ ನಡೆಯುವುದಿಲ್ಲ. ಆ ತಿಂಗಳಲ್ಲಿ ಯಾನವುಂಟೇ ಎಂದು ವಿಚಾರಿಸಿಯೇ ಹಣ ಕಟ್ಟತಕ್ಕದ್ದು. ಲಕ್ಷದ್ವೀಪದಲ್ಲಿ ಇಳಿಯುವುದಕ್ಕೆ ಅಲ್ಲಿನ ಆಡಳಿತದ ಪರವಾನಗಿಯೂ ಬೇಕು.

ಮೊಣಕಾಲು ನೋವಿನವರು ಮನೆಯಲ್ಲಿದ್ದರೆ ಇಲ್ಲಿ ಒಂದು ಮುಖ್ಯವಾದ ವಿಷಯವನ್ನು ಗಮನಿಸಬೇಕು. ಮುಂಬಯಿ, ಮುರಗಾಂವ್, ಕೊಚ್ಚಿಗಳಂಥ ಬಂದರುಗಳಲ್ಲಿ ಹಡಗು ಕಟ್ಟೆಗೆ ತಾಗಿ ನಿಲ್ಲುತ್ತದೆ. ಹಲಗೆಯ ಮೇಲೆ ನಡೆದು ಇಳಿದರಾಯಿತು. ಲಕ್ಷದ್ವೀಪವಾದರೋ ಹವಳದ ದಿಬ್ಬಗಳ ನಾಡು. ದೊಡ್ಡ ಹಡಗು ಸಾಮಾನ್ಯವಾಗಿ ದೂರದಲ್ಲಿಯೇ ನಿಲ್ಲುತ್ತದೆ. ಅಲ್ಲಿಂದ, ಅಲೆಯೊಡನೆ ಏಳುತ್ತ ಬೀಳುತ್ತ ಇರುವ ಚಿಕ್ಕ ದೋಣಿಗೆ ದಾಟಿಕೊಳ್ಳಬೇಕು. ಗಟ್ಟಿ ಕಾಲಿನವರಿಗೆ ಅದು ಆಟ, ಹಿರಿಯರಿಗೆ ಸಂಕಟ. ಅಂಥವರಿರುವ ಮನೆಯವರು ಕಟ್ಟೆಗೆ ತಾಗುವ ಬಂದರುಗಳ ಪ್ರವಾಸವನ್ನೇ ಆರಿಸಿಕೊಳ್ಳುವುದು ಲೇಸು.

ಎರಡನೆಯದು ಕಾಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತದಿಂದ ಅರಬ್ಬೀ ಸಮುದ್ರ ಪ್ರಕ್ಷುಬ್ಧವಾಗಿರುತ್ತದೆ. ಬಂಗಾಳ ಕೊಲ್ಲಿಯಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಚಂಡಮಾರುತಗಳ ಭಯ. ಪಶ್ಚಿಮದ ಕಡಲಿಗೆ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಪ್ರಶಸ್ತ.

ಮೂರನೆಯದು ಕೋಣೆ. ಕಿಟಕಿಯಿಲ್ಲದ ಒಳಕೋಣೆ, ಕಿಟಕಿಯ ಕೋಣೆ, ಮೊಗಸಾಲೆಯಂತೆ ಹೊರಗೆ ಕುಳಿತುಕೊಳ್ಳಲು ಜಾಗವಿರುವ ಕೋಣೆ, ಹೀಗೆ ಮೂರು ದರ್ಜೆಗಳುಂಟು. ದರವೂ ಕ್ರಮವಾಗಿ ಏರುತ್ತದೆ. ದರ್ಜೆಗಿಂತ ಕೋಣೆಯ ಸ್ಥಾನ ಮುಖ್ಯ. ನಮ್ಮ ಕಡೆಯ ಏತವನ್ನು ನೆನೆದುಕೊಳ್ಳಿ. ತೊಲೆಯ ಎರಡು ತುದಿಗಳೂ ಮೇಲೆ ಕೆಳಗೆ ತೂಗಾಡುತ್ತವೆ, ನಡುವೆ ಕಂಬದ ಮೇಲಿರುವ ಭಾಗ ಹೆಚ್ಚಾಗಿ ಕದಲುವುದಿಲ್ಲ. ಹಡಗೂ ಹಾಗೆಯೇ. ನಡುಭಾಗದ, ಕೆಳಗಿನ ಅಂತಸ್ತಿನ ಕೋಣೆಯಲ್ಲಿ ತೂಗಾಟ ಕಡಿಮೆ. ಅದು ಲಿಫ್ಟಿನ ಹತ್ತಿರವೂ ಇದ್ದರೆ ಇನ್ನೂ ಒಳ್ಳೆಯದು. ಮುಂಬಯಿಯಿಂದ ದಕ್ಷಿಣಕ್ಕೆ ಹೋಗುವಾಗ ಹಡಗಿನ ಬಲಗಡೆ ಪಡುವಣವಾಗುತ್ತದೆ. ಸೂರ್ಯಾಸ್ತವನ್ನು ಕೋಣೆಯಿಂದಲೇ ನೋಡಬೇಕೆನ್ನುವವರು ಬಲಗಡೆಯ ಕೋಣೆಯನ್ನು ಕೇಳಬೇಕು. ಬರುವಾಗ ಇದು ಅದಲುಬದಲಾಗುತ್ತದೆ.

ಇನ್ನು ಖರ್ಚಿನ ವಿಚಾರ. ಜಾಹೀರಾತಿನಲ್ಲಿ ಕಾಣುವ ದರ ಸಾಮಾನ್ಯವಾಗಿ ಒಂದು ಕೋಣೆಯಲ್ಲಿ ಇಬ್ಬರಿರುವರೆಂದು ಎಣಿಸಿ ತಲೆಗೆ ಹೇಳಿದ್ದು. ಒಬ್ಬರೇ ಇದ್ದರೆ ಹೆಚ್ಚು ಕೊಡಬೇಕಾದೀತು. ವಸತಿ, ಊಟ, ಸಂಜೆಯ ಮನರಂಜನೆಗಳು ಅದರಲ್ಲಿ ಸೇರಿರುತ್ತವೆ. ಬಂದರು ಶುಲ್ಕ, ತೆರಿಗೆ, ಸೇವಾಶುಲ್ಕ, ದಡದ ಮೇಲಿನ ಸುತ್ತಾಟ, ಇಂಟರ್‌ನೆಟ್ಟು, ವೈದ್ಯರ ಫೀಸು ಇವು ಅನೇಕ ವೇಳೆ ಬೇರೆ. ‘ಎಲ್ಲ ಸೇರಿ ಎಷ್ಟು?’ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಹೊರಡುವುದು ರದ್ದಾದರೆ ಎಷ್ಟು ಹಣ ಹಿಂದಕ್ಕೆ ಬರುತ್ತದೆಂಬುದನ್ನೂ ಆಗಲೇ ತಿಳಿದುಕೊಳ್ಳಿ.

ಹಿರಿಯರು ಕಡಲನ್ನು ತಡೆದುಕೊಂಡಾರೆಯೇ ಎಂಬ ಸಂಶಯವಿದ್ದರೆ ಮೊದಲು ಪರೀಕ್ಷೆ ಮಾಡಿ ನೋಡಬಹುದು. ಮೈಸೂರು, ಮಡಿಕೇರಿಗಳ ಮೇಲೆ ಮಂಗಳೂರಿಗೆ ಹೋಗಿ, ಅಲ್ಲಿಂದ ಉಡುಪಿಯ ಹತ್ತಿರದ ಮಲ್ಪೆಗೆ ಹೋಗಿರಿ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ, ಮಳೆಗಾಲವನ್ನು ಬಿಟ್ಟು ಉಳಿದ ಕಾಲದಲ್ಲಿ, ದೋಣಿಗಳುಂಟು. ಕಂಬಗಳಂತೆ ನಿಂತ ಆ ದ್ವೀಪದ ಕಪ್ಪು ಬಂಡೆಗಳು ನೋಡತಕ್ಕವು. ಸ್ವಲ್ಪ ಹೊತ್ತಿನ ಆ ದೋಣಿಯ ಪಯಣದಲ್ಲಿ ತಲೆ ಸುತ್ತುತ್ತದೆಯೇ, ಹತ್ತಿ ಇಳಿಯುವುದು ಕಷ್ಟವೇ, ಭಯವೇ ಸಂತೋಷವೇ ಎಂಬುದು ತಿಳಿದುಹೋಗುತ್ತದೆ. ದೊಡ್ಡ ಹಡಗಿನ ತೂಗಾಟ ಇದಕ್ಕಿಂತ ಬಹಳ ಕಡಿಮೆ ಎಂಬುದನ್ನೂ ನೆನಪಿಡಿ.

ಕಡಲಿನ ತಲೆಸುತ್ತು ಹೊಟ್ಟೆಯಲ್ಲಿ ಹುಟ್ಟುವುದಲ್ಲ. ಕಿವಿಯ ಒಳಗಿರುವ ಸಮತೋಲದ ಅಂಗ ‘ಚಲಿಸುತ್ತಿದ್ದೇವೆ’ ಎನ್ನುತ್ತದೆ. ಕೋಣೆಯ ಗೋಡೆಯನ್ನು ನೋಡುವ ಕಣ್ಣು ‘ಇಲ್ಲ, ನಿಂತಿದ್ದೇವೆ’ ಎನ್ನುತ್ತದೆ. ಈ ಎರಡು ಸಾಕ್ಷಿಗಳು ಕೂಡದಿರುವುದೇ ಅದಕ್ಕೆ ಕಾರಣ. ಆದ್ದರಿಂದ ಹೊರಗೆ ಬಂದು, ಗಾಳಿಗೆ ಮುಖವೊಡ್ಡಿ, ದಿಗಂತವನ್ನು ನೋಡುತ್ತ ಕುಳಿತರೆ ಶಮನವಾಗುತ್ತದೆ. ಓದುವುದು ಬೇಡ. ಹಿತಮಿತವಾದ ಆಹಾರ, ಸ್ವಲ್ಪ ಶುಂಠಿ ಒಳ್ಳೆಯದು. ಮಾತ್ರೆಯನ್ನು ವೈದ್ಯರನ್ನು ಕೇಳಿ, ತಲೆಸುತ್ತು ಬರುವುದಕ್ಕೆ ಮೊದಲೇ ತೆಗೆದುಕೊಳ್ಳಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಔಷಧಿಯನ್ನು ಮೂರು ನಾಲ್ಕು ದಿನಕ್ಕೆ ಹೆಚ್ಚಾಗಿಯೇ ಒಯ್ಯಿರಿ. ಅದು ಕೈಚೀಲದಲ್ಲಿರಲಿ, ದೊಡ್ಡ ಪೆಟ್ಟಿಗೆಗಳು ಕೋಣೆಗೆ ಬಂದು ತಲಪಲು ಕೆಲವು ಗಂಟೆಗಳೇ ಹಿಡಿಯಬಹುದು.

ಮಳವಳ್ಳಿಗೆ ರೈಲಿಲ್ಲ. ಮದ್ದೂರಿಗೋ ಮಂಡ್ಯಕ್ಕೋ ಹೋಗಿ, ಬೆಂಗಳೂರಿನ ಮೇಲೆ ಮುಂದುವರಿಯಬೇಕು. ಹಡಗು ಯಾರಿಗಾಗಿಯೂ ಕಾಯುವುದಿಲ್ಲ. ಅದು ಹೊರಡುವುದಕ್ಕೆ ಬಹಳ ಮುಂಚೆಯೇ ಬಾಗಿಲು ಮುಚ್ಚುತ್ತಾರೆ. ಹಿಂದಿನ ದಿನವೇ ಬಂದರಿನ ಊರನ್ನು ಸೇರಿ ಒಂದು ರಾತ್ರಿ ವಿಶ್ರಾಂತಿ ಪಡೆಯಿರಿ. ನಡುವಿನ ಬಂದರುಗಳಲ್ಲಿಯೂ ಇದೇ ಎಚ್ಚರ ಬೇಕು. ಹಡಗಿನವರೇ ಏರ್ಪಡಿಸಿದ ಸುತ್ತಾಟದ ಬಸ್ಸು ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ; ನೀವೇ ಆಟೋ ಹಿಡಿದು ಹೋಗಿ ತಡವಾದರೆ ಕಾಯದು. ಒಂದು ಬಂದರಿನಲ್ಲಿ ಒಂದೇ ಸ್ಥಳವನ್ನು ನಿಧಾನವಾಗಿ ನೋಡಿ, ಒಂದೆರಡು ಗಂಟೆ ಮುಂಚೆ ಮರಳಿರಿ.

ಹತ್ತಿದ ಕೂಡಲೇ ಅಪಾಯದ ಅಭ್ಯಾಸವನ್ನು ಮಾಡಿಸುತ್ತಾರೆ. ಅದನ್ನು ತಪ್ಪಿಸಿಕೊಳ್ಳಬೇಡಿ. 1912ರಲ್ಲಿ ‘ಟೈಟಾನಿಕ್’ ಮುಳುಗಿದ ಮೇಲೆ, 1914ರಲ್ಲಿ ನೌಕಾಸುರಕ್ಷೆಯ ಮೊದಲ ಅಂತರರಾಷ್ಟ್ರೀಯ ಒಪ್ಪಂದವಾಯಿತು. 2012ರಲ್ಲಿ ಇಟಲಿಯ ತೀರದಲ್ಲಿ ‘ಕೋಸ್ಟ ಕಾಂಕಾರ್ಡಿಯ’ ಬಂಡೆಗೆ ತಾಗಿ 32 ಮಂದಿ ಸತ್ತರು. ಆ ದಿನ ಹೊಸದಾಗಿ ಹತ್ತಿದವರಿಗೆ ಅಭ್ಯಾಸವಿನ್ನೂ ಆಗಿರಲಿಲ್ಲ. ಅಂದಿನಿಂದ, ಹೊರಡುವ ಮೊದಲೋ ಹೊರಟೊಡನೆಯೋ ಅಭ್ಯಾಸ ನಡೆಯಬೇಕೆಂದು ನಿಯಮ ಬಿಗಿಯಾಯಿತು. ಏಳು ಸಲ ಗಿಡ್ಡ ಕೂಗು, ಅನಂತರ ಒಂದು ಉದ್ದ ಕೂಗು, ಇದು ಅಪಾಯದ ಸೂಚನೆ. ಮಕ್ಕಳಿಗೂ ಅಜ್ಜಿಗೂ ಇದನ್ನು ಕಲಿಸಿಡಿ.

ಇಷ್ಟಾದ ಮೇಲೆ ಉಳಿದದ್ದು ಸಂತೋಷ. ಹಡಗಿನಲ್ಲಿ ತಿಂಡಿತೀರ್ಥ, ಆಟಪಾಟ ಬೇಕಾದಷ್ಟುಂಟು. ಎಲ್ಲವನ್ನೂ ಅನುಭವಿಸಿಯೇ ತೀರುತ್ತೇವೆಂದು ಓಡಾಡಿದರೆ ಕಡಲನ್ನು ನೋಡುವುದೇ ಉಳಿದುಹೋಗುತ್ತದೆ. ವಿನಾಯಕ ಕೃಷ್ಣ ಗೋಕಾಕರಿಗೆ ಕಡಲ ಪಯಣವೇ ಕಾವ್ಯದ ವಸ್ತುವಾಗಿ ‘ಸಮುದ್ರ ಗೀತೆಗಳು’ ಬಂದವು. ನಾವು ಕವಿತೆ ಬರೆಯದಿದ್ದರೂ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮನೆಮಂದಿಯೆಲ್ಲ ಮೇಲಂತಸ್ತಿನಲ್ಲಿ ಕೂಡಿ ಕುಳಿತಿರಬಹುದಲ್ಲ! ಬಿಸಿಲಿಗೆ ನೀರಿನ ಬಣ್ಣ ಬದಲಾಗುವುದು, ಹಾರುಮೀನುಗಳು ನೀರಿನಿಂದ ಚಿಮ್ಮುವುದು, ರಾತ್ರಿಯ ನಕ್ಷತ್ರರಾಶಿ ಇವಕ್ಕೆ ಬೇರೆ ಹಣ ಕೊಡಬೇಕಾಗಿಲ್ಲ. ಹಡಗಿನ ವೇಗ 18 ನಾಟ್ ಎಂದರೆ ಗಂಟೆಗೆ ಸುಮಾರು 33 ಕಿಲೋಮೀಟರು ಎಂದು ಮಕ್ಕಳಿಂದ ಲೆಕ್ಕ ಮಾಡಿಸಿರಿ. ದ್ವೀಪಗಳಲ್ಲಿ ಇಳಿದರೆ ಹವಳವನ್ನು ಕೀಳಬೇಡಿ, ತರಬೇಡಿ. ಅದು ಕಾನೂನಿನ ರಕ್ಷಣೆಯಲ್ಲಿದೆ.

ಜನವರಿಯಲ್ಲಿ ಹೊರಡಬೇಕೆಂದರೆ ದಸರೆಯ ವೇಳೆಗೆ ವಿಚಾರಣೆ ಮುಗಿದಿರಲಿ. ಅದಕ್ಕೂ ಮೊದಲು, ಒಂದು ಸಂಜೆ ರೇಡಿಯೋ ಆರಿಸಿ, ತಾಯಿಯ ಬಳಿ ಕುಳಿತು, ‘ಅಮ್ಮಾ, ಸಮುದ್ರ ನೋಡೋ ಆಸೆ ಉಂಟಾ?’ ಎಂದು ಕೇಳಿರಿ. ‘ನನಗ್ಯಾಕಪ್ಪಾ ಈ ವಯಸ್ಸಲ್ಲಿ’ ಎಂದರೆ ಅದನ್ನು ಬೇಡವೆಂದು ತಿಳಿಯದೆ, ಇನ್ನೊಮ್ಮೆ ಕೇಳಿರಿ.