ಹರಾಜಿಗೆ ಮುನ್ನ: ಹುಡುಗನು ಹದಕ್ಕೆ ಬಂದಿರುವನೆ?

ಆದಿತ್ಯವಾರದ ಬೆಳಿಗ್ಗೆ ರಾಜಾಜಿನಗರ, ವಿಜಯನಗರಗಳ ಮೈದಾನಗಳ ಕಡೆಗೆ ಹೋದವರಿಗೆ, ಕ್ರಿಕೆಟ್ ಚೀಲಗಳನ್ನು ಹೊತ್ತ ತರುಣರೂ, ಮರದ ನೆರಳಿನಲ್ಲಿ ನಿಂತು ನೋಡುವ ತಂದೆಯರೂ ಕಾಣಸಿಗುವರು. 2008ರಲ್ಲಿ ಐ.ಪಿ.ಎಲ್. ಪಂದ್ಯಾವಳಿಯು ಮೊದಲಾದಂದಿನಿಂದ ಈ ತಂದೆಯರನ್ನು ಒಂದು ಚಿಂತೆ ಕಾಡುತ್ತಿದೆ. ಕಾಲೇಜಿನ ಪಂದ್ಯಗಳಲ್ಲಿ ಶತಕ ಹೊಡೆಯುವ ಮಗನು ಆಟವನ್ನೇ ಜೀವನೋಪಾಯವಾಗಿ ಮಾಡಿಕೊಳ್ಳುವಷ್ಟು ಪಕ್ವನಾಗಿರುವನೆ? ಅವನ ಓದನ್ನು ನಿಲ್ಲಿಸಬಹುದೆ?

ಇದನ್ನು ನಿರ್ಣಯಿಸುವುದು ನುರಿತ ಪರೀಕ್ಷಕರಿಗೂ ಸುಲಭವಲ್ಲ. 2008ರಲ್ಲಿ ಹತ್ತೊಂಬತ್ತು ವರ್ಷದೊಳಗಿನ ಆಟಗಾರರನ್ನು ಹರಾಜಿಗಿಡದೆ, ತಂಡಗಳು ಸರದಿಯ ಮೇಲೆ ಆರಿಸಿಕೊಂಡವು. ದೆಹಲಿಯವರು ತಮ್ಮೂರಿನ ವಿರಾಟ್ ಕೊಹ್ಲಿಯವರನ್ನು ಬಿಟ್ಟು ಬೌಲರ್ ಪ್ರದೀಪ್ ಸಾಂಗ್ವಾನರನ್ನು ಆರಿಸಿದರು. ಕೊಹ್ಲಿಯವರು ಬೆಂಗಳೂರಿನ ಪಾಲಿಗೆ ಬಂದರು. ಆ ವರ್ಷ 13 ಪಂದ್ಯಗಳಲ್ಲಿ ಅವರು ಗಳಿಸಿದ್ದು 165 ರನ್ನು ಮಾತ್ರ. ಅದನ್ನು ನೋಡಿ ತೀರ್ಪು ಕೊಟ್ಟವರು 2016ರ ಅವರ 973 ರನ್ನುಗಳನ್ನು ಊಹಿಸಬಲ್ಲವರಾಗಿದ್ದರೆ?

ಹಣವೂ ಅಳತೆಗೋಲಲ್ಲ. 2015ರಲ್ಲಿ ಕೊಡಗಿನ ಕೆ. ಸಿ. ಕಾರಿಯಪ್ಪನವರ ಮೂಲಬೆಲೆ 10 ಲಕ್ಷ ರೂಪಾಯಿ. ಕೋಲ್ಕತ್ತದವರು ಕೂಗಿದ್ದು 2.4 ಕೋಟಿ. ಆದರೆ ಆ ವರ್ಷ ಅವರಿಗೆ ಆಡಲು ದೊರೆತದ್ದು ಒಂದೇ ಪಂದ್ಯ. ನಮ್ಮ ದೇವದತ್ತ ಪಡಿಕ್ಕಲರಾದರೋ 20 ಲಕ್ಷಕ್ಕೆ ಬೆಂಗಳೂರು ತಂಡವನ್ನು ಸೇರಿ, 2019ರಲ್ಲಿ ಒಂದು ಪಂದ್ಯವನ್ನೂ ಆಡದೆ ಕಾದು, 2020ರಲ್ಲಿ 473 ರನ್ನುಗಳನ್ನು ಗಳಿಸಿದರು.

ಹಾಗಾದರೆ ನೋಡತಕ್ಕದ್ದೇನು? ಮೊದಲನೆಯದಾಗಿ, ರನ್ನುಗಳು ಎಲ್ಲಿ ಬಂದವು ಎಂಬುದು. ಚಾಪೆ ಹಾಸಿದ ಅಂಕಣದಲ್ಲಿ, ಗಡಿಗೆರೆ ಹತ್ತಿರವಿರುವ ಸಣ್ಣ ಮೈದಾನದಲ್ಲಿ, ಸಾಧಾರಣ ಬೌಲರುಗಳ ಎದುರು ಹೊಡೆದ ನೂರಕ್ಕಿಂತ, ಹುಲ್ಲಿನ ಅಂಕಣದಲ್ಲಿ ನಿಜವಾದ ವೇಗವನ್ನೆದುರಿಸಿ ಗಳಿಸಿದ ಮೂವತ್ತು ಹೆಚ್ಚು ಬೆಲೆಯುಳ್ಳದ್ದು. ಎರಡನೆಯದಾಗಿ, ಸೊನ್ನೆಗೆ ಔಟಾದ ಮರುದಿನ ಹುಡುಗನು ಅಭ್ಯಾಸಕ್ಕೆ ಎಷ್ಟು ಹೊತ್ತಿಗೆ ಬರುವನು ಎಂಬುದು. ಮೂರನೆಯದಾಗಿ, ಚೆಂಡು ತನ್ನ ಕಡೆಗೆ ಬಾರದಿದ್ದಾಗಲೂ ಅವನ ಗಮನವು ಆಟದಲ್ಲಿಯೇ ಇರುವುದೆ ಎಂಬುದು. ಸೋತ ದಿನದ ನಡತೆಯು ಗೆದ್ದ ದಿನದ ಅಂಕಿಗಳಿಗಿಂತ ಹೆಚ್ಚಿನದನ್ನು ಹೇಳುವುದು.

ಓದಿನ ವಿಷಯಕ್ಕೆ ದೂರ ಹೋಗಬೇಕಾಗಿಲ್ಲ. ಕೆಂಗೇರಿಯ ದಾರಿಯಲ್ಲಿ, ಮೈಸೂರು ರಸ್ತೆಯಲ್ಲಿರುವ ಆರ್. ವಿ. ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಯಾಗಿದ್ದವರು ಅನಿಲ್ ಕುಂಬ್ಳೆಯವರು. 1990ರಲ್ಲಿ, ಇನ್ನೂ ಹತ್ತೊಂಬತ್ತರ ವಯಸ್ಸಿನಲ್ಲಿ, ಅವರು ಇಂಗ್ಲೆಂಡಿನಲ್ಲಿ ಮೊದಲ ಟೆಸ್ಟನ್ನಾಡಿದರು. ಎರಡನೆಯದು ದೊರೆತದ್ದು 1992ರಲ್ಲಿ. ಆ ಕಾಯುವಿಕೆಯಿಂದ ಅವರು ಎದೆಗುಂದಲಿಲ್ಲ. ಯಂತ್ರಶಾಸ್ತ್ರದ ಪದವಿಯೂ ದಕ್ಕಿತು. ಮುಂದೆ 619 ಟೆಸ್ಟ್ ವಿಕೆಟ್ಟುಗಳೂ ದಕ್ಕಿದವು.

ಆದಕಾರಣ, ಗೃಹಸ್ಥರೇ, ಮಗನ ಆಟಕ್ಕೆ ಅಡ್ಡಿ ಬಾರದಿರಿ. ಅವನ ಪುಸ್ತಕಗಳನ್ನೂ ಅಟ್ಟಕ್ಕೆ ಹಾಕದಿರಿ. ಹರಾಜಿನ ಕೂಗು ಒಂದು ದಿನದ್ದು. ಆ ದಿನ ಮಗನ ಹೆಸರನ್ನು ಯಾರೂ ಕೂಗದಿದ್ದರೆ, ಸಂಜೆ ಅವನು ಮನೆಗೇ ತಾನೆ ಬರಬೇಕು? ಆಗ ಮನೆಯವರ ಮುಖದಲ್ಲಿ ಅವನು ತನ್ನ ಬೆಲೆಯನ್ನು ಓದುವಂತಾಗಬಾರದು.