ಹಿಡಿದ ಬೆರಳು, ಬಿಟ್ಟ ಬೆರಳು

ನಡೆಯಲು ಕಲಿಯುವ ಕೂಸಿಗೆ ತಾಯಿಯು ಮೊದಲು ಬೆರಳನ್ನು ಕೊಡುತ್ತಾಳೆ. ಅನಂತರ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾಳೆ. ಬೆರಳನ್ನು ಕೊಡುವುದಕ್ಕಿಂತ ತಕ್ಕ ಕಾಲದಲ್ಲಿ ಬಿಡಿಸಿಕೊಳ್ಳುವುದೇ ಕಷ್ಟ.

ಇದನ್ನು ಚೆನ್ನಾಗಿ ಅರಿತವರು ಇಟಲಿಯ ವೈದ್ಯೆ ಮರಿಯಾ ಮಾಂಟೆಸರಿಯವರು. 1907ರಲ್ಲಿ ಅವರು ರೋಮ್ ನಗರದ ಬಡವರ ಬಡಾವಣೆಯಲ್ಲಿ 'ಮಕ್ಕಳ ಮನೆ'ಯನ್ನು ತೆರೆದರು. ಅಲ್ಲಿಯ ಮೇಜು ಕುರ್ಚಿಗಳು ಮಕ್ಕಳೇ ಎತ್ತಿಡುವಷ್ಟು ಹಗುರವಾಗಿದ್ದವು. ಒಂದು ದಿನ ಅವರು ಕರವಸ್ತ್ರದಿಂದ ಸದ್ದಿಲ್ಲದೆ ಮೂಗನ್ನು ಒರೆಸಿಕೊಳ್ಳುವ ಬಗೆಯನ್ನು ತೋರಿಸಿಕೊಟ್ಟರು. ಮಕ್ಕಳು ಚಪ್ಪಾಳೆ ತಟ್ಟಿದರು! ಸುರಿಯುವ ಮೂಗಿಗಾಗಿ ಗದರಿದವರು ಬಹಳ ಮಂದಿ, ಸಮಾಧಾನದಿಂದ ಕಲಿಸಿದವರು ಯಾರೂ ಇರಲಿಲ್ಲವೆಂದು ಅವರು ಆಗ ಮನಗಂಡರು.

ನಾನೂ ಒಮ್ಮೆ ತಪ್ಪಿದವನೇ. ಮಗನ ಪುಸ್ತಕಗಳನ್ನು ಪ್ರತಿರಾತ್ರಿಯೂ ನಾನೇ ಚೀಲದಲ್ಲಿ ಜೋಡಿಸಿಡುತ್ತಿದ್ದೆನು. ನಾನು ಪರವೂರಿಗೆ ಹೋಗಿದ್ದ ದಿನ ಅವನು ಹಿಂದಿನ ದಿನದ ಪುಸ್ತಕಗಳನ್ನೇ ಹೊತ್ತು ಶಾಲೆಗೆ ಹೋದನು. ಕೇಳಿದರೆ, "ಅದು ನಿಮ್ಮ ಕೆಲಸವಲ್ಲವೆ, ಅಪ್ಪಾ?" ಎಂದನು. ಅವನ ಮಾತಿನಲ್ಲಿ ಉದ್ಧಟತನವಿರಲಿಲ್ಲ. ನಾನು ಕಲಿಸಿದ್ದನ್ನೇ ಅವನು ಒಪ್ಪಿಸಿದ್ದನು.

ಮಗುವಿನಿಂದಾಗುವ ಕೆಲಸವನ್ನು ಹಿರಿಯರು ಮಾಡಿದರೆ ಕೆಲಸವೇನೋ ಬೇಗ ಮುಗಿಯುತ್ತದೆ, ಆದರೆ ಕಲಿಕೆ ನಿಂತುಹೋಗುತ್ತದೆ. ಹಾಗೆಂದು ಮಗುವನ್ನು ಅದರ ಪಾಡಿಗೆ ಬಿಟ್ಟುಬಿಡಲಾಗದು. ಮೊದಲು ತೋರಿಸಬೇಕು, ಬಳಿಕ ಕಾಯಬೇಕು, ಎಡವಿದಾಗ ಹತ್ತಿರವಿರಬೇಕು.

ವಿದ್ಯಾರ್ಥಿಗಳೇ, ನಿಮ್ಮ ತಮ್ಮನೋ ತಂಗಿಯೋ ಅಂಗಿಯ ಗುಂಡಿಯೊಡನೆ ಹೆಣಗುವಾಗ ಒಂದು ಗಳಿಗೆ ತಾಳಿರಿ. ಆ ತಾಳ್ಮೆಯೇ ನೀವು ಮಾಡುವ ದೊಡ್ಡ ಉಪಕಾರ.